ನವಿಲಿನ ಎಡ ರೆಕ್ಕೆ

ತೋಟದ ನವಿಲಿನ ಎಡ ರೆಕ್ಕೆ ಮಾತ್ರ ಮುಟ್ಟಬೇಡ ಎಂದು ಈರೇಶ್ ಹೇಳಿದಾಗ ಸ್ವಪ್ನಳಿಗೆ ಅದು ಪ್ರೀತಿಯ ಮಾತಿನಂತೆಯೇ ಕೇಳಿಸಿತ್ತು. ಪ್ರೀತಿಯ ಕಿವಿಗೆ ಏನು ಹೇಳಿದರೂ ಹಾಗೆಯೇ ಅಲ್ಲವೇ.

ಚಳ್ಳಕೆರೆ ರಸ್ತೆಯ ಆ ಫಾರ್ಮ್‌ಹೌಸಿನ ತೋಟ ನೋಡಿಕೊಳ್ಳುವವಳು ಅವಳು. ಗಿಡಗಳ ನಡುವೆ ನಿಂತ ತಾಮ್ರದ ಆಮೆ, ಕೊಕ್ಕರೆ, ನವಿಲುಗಳನ್ನೆಲ್ಲ ಮಾಡಿಕೊಟ್ಟವನು ಪೇಟೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಈರೇಶ್. ಆ ರೆಕ್ಕೆ ಬಿಟ್ಟು ಮಿಕ್ಕಿದ್ದನ್ನೆಲ್ಲ ಅವಳು ತೊಳೆದು ಮೇಣ ಹಚ್ಚಬೇಕು. ಎಡ ರೆಕ್ಕೆ ಹಸಿರಾಗಿಯೇ ಇರಲಿ, ನವಿಲೆಂದ ಮೇಲೆ ಹಸಿರು ಬೇಡವೇ, ಅದನ್ನು ತಾನೇ ಬಂದು ನೋಡಿಕೊಳ್ಳುತ್ತೇನೆ ಎಂದಿದ್ದ. ಬರುತ್ತಲೂ ಇದ್ದ. ಬಾಟಲಿಯಲ್ಲಿ ತಂದ ಅದೇನೋ ಔಷಧಿಯನ್ನು ರೆಕ್ಕೆಗೆ ಸವರಿ, ಆಮೇಲೆ ಬೇವಿನ ನೆರಳಿನಲ್ಲಿ ಕೂತು ಹೋಗುವುದನ್ನೇ ಮರೆಯುತ್ತಿದ್ದ.

ಒಂದು ರೆಕ್ಕೆಗೆ ಇಷ್ಟು ಹೊತ್ತು ಬೇಕಾ ಎಂದು ಅವಳು ಕೆಣಕಿದರೆ, ಅವನ ನೋಟ ಅವಳ ಮೂಗುತಿಯ ಮೇಲೆ ಬಂದು ನಿಲ್ಲುತ್ತಿತ್ತು.

“ಕೆಲ್ಸ ಬೇಗ ಮುಗಿದ್ರೆ ಹೋಗ್ಬೇಕಾಗ್ತೈತಲ್ಲ.”

ಅವಳ ಕೈಯ ಪೈಪಿನ ನೀರು ಗುಲಾಬಿ ಬುಡ ಬಿಟ್ಟು ಅವಳ ಪಾದಕ್ಕೇ ಸುರಿಯುತ್ತಿತ್ತು. ಅದನ್ನು ನೋಡಿಯೂ ನೋಡದವನಂತೆ ಅವನು ನಗುತ್ತಿದ್ದ.

ದೇವಸಮುದ್ರದ ಅವಳ ಮನೆಗೆ ಅವನು ಮೊದಲ ಸಲ ಬಂದದ್ದು ಮಾತ್ರ ತಲೆ ತಗ್ಗಿಸಿಕೊಂಡು. ಅವಳ ಅವ್ವ ಜುಂಜಮ್ಮ ತೂತು ಬಿದ್ದ ತಾಮ್ರದ ಹಂಡೆಯನ್ನು ಬೆಸುಗೆಗೆಂದು ಅವನ ಅಂಗಡಿಗೆ ಕೊಟ್ಟಿದ್ದಳು. ಅದು ಅಂಗಡಿಯಿಂದ ಕಳುವಾಯಿತು ಎಂದು ಹೇಳಲು ಬಂದಿದ್ದ. ತೆಲುಗು ಸೀಮೆಯ ರಾಯದುರ್ಗದ ತವರಿನವರು ಜುಂಜಮ್ಮನ ಮದುವೆಗೆ ಕೊಟ್ಟ ಹಂಡೆ ಅದು. ಮಗಳ ಮದುವೆಯ ನೀರೂ ಅದರಲ್ಲೇ ಕಾಯಬೇಕೆಂದು ಜೋಪಾನ ಮಾಡಿದ್ದಳು. ಒಲೆಯ ಮುಂದೆ ಕೂತು ಅತ್ತಳು. ಅತ್ತು ಮುಗಿದ ಮೇಲೆ, ಮನೆತನಕ ಬಂದು ಹೇಳುವ ಹುಡುಗರು ಈಗ ಎಲ್ಲಿದ್ದಾರೆ ಎಂದು ಅವನಿಗೆ ಮಜ್ಜಿಗೆ ಕೊಡಿಸಿದಳು. ಲೋಟ ತಂದವಳು ಸ್ವಪ್ನ. ಅವನ ತಲೆ ಆಗಲೇ ಮೇಲೆದ್ದದ್ದು.

ಆಮೇಲೆ ಅವಳು ತೋಟದ ಕೆಲಸಕ್ಕೆ ಸೇರಿದ ದಿನ, ನವಿಲಿನ ಪಕ್ಕ ಅವಳನ್ನು ಕಂಡು ಅವನ ಮುಖ ಬಿಳಿಚಿಕೊಂಡಿತ್ತು. ಪಾಪ, ನಾಚಿಕೆ ಎಂದುಕೊಂಡಿದ್ದಳು.

ಈಗ ಬರುವ ಸೋಮವಾರ ಅವನ ಮನೆಯವರು ಹೂ ಮುಡಿಸಲು ಬರುವುದೆಂದು ಮಾತಾಗಿತ್ತು. ಅದರ ಮೊದಲೇ ತೋಟದ ಧಣಿ ನಾಗಭೂಷಣ ಅವರ ಮೊಮ್ಮಗಳ ನಾಮಕರಣ. ಎಲ್ಲವೂ ಫಳಫಳ ಹೊಳೆಯುವಾಗ ನವಿಲಿನ ಒಂದು ರೆಕ್ಕೆಗೇಕೆ ಕಿಲುಬು ಎಂದು ಅವರು ಗೊಣಗಿದ್ದರು. ಈರೇಶನಿಗೆ ಕೈತುಂಬ ಕೆಲಸ. ಅವನಿಗೇಕೆ ತೊಂದರೆ, ತಾನೇ ತಿಕ್ಕಿ ಬೆರಗುಗೊಳಿಸೋಣ ಎಂದು ಸ್ವಪ್ನ ಸೆರಗು ಸಿಕ್ಕಿಸಿದಳು. ಹಬ್ಬ ಬಂದರೆ ಹುಣಸೆಹಣ್ಣು, ಉಪ್ಪು ಹಿಡಿದು ತಾಮ್ರದ ಮುಂದೆ ಕೂರುವುದು ಅವಳ ಕೈಗೆ ಹುಟ್ಟಿನಿಂದ ಬಂದ ಕೆಲಸ.

ಹಸಿರು ಕರಗಿ ಕೆಂಪು ಮೂಡಿತು. ಕೆಂಪಿನಲ್ಲಿ ಚುಕ್ಕೆಗಳು ಮೂಡಿದವು. ಪಾತ್ರೆ ಅಂಗಡಿಯವರು ಹೆಸರು ಕೊರೆಯುವಾಗ ಸಾಲಾಗಿ ಕುಟ್ಟುವ ಚುಕ್ಕೆಗಳು. ತೆಲುಗು ಅಕ್ಷರ, ಅರ್ಧಕ್ಕೇ ತುಂಡಾಗಿತ್ತು. ತೆಲುಗು ಓದಲು ಅವಳಿಗೆ ಬರುತ್ತಿರಲಿಲ್ಲ. ಆದರೆ ಚಿಕ್ಕವಳಿದ್ದಾಗಿನಿಂದ ಹಂಡೆ ತಿಕ್ಕಿದ ಬೆರಳಿಗೆ ಆ ಚುಕ್ಕೆಗಳು ಚೆನ್ನಾಗಿ ಗೊತ್ತಿದ್ದವು. ಅವ್ವನ ಹೆಸರು.

ಬೇವಿನ ಬುಡದಲ್ಲಿ ಅವನು ಬಿಟ್ಟುಹೋದ ಬಾಟಲಿಯ ಮುಚ್ಚಳ ತೆಗೆದು ಮೂಸಿದಳು. ಉಪ್ಪು ಬೆರೆಸಿದ ಹುಳಿ ಮಜ್ಜಿಗೆ. ತಾಮ್ರಕ್ಕೆ ಮಜ್ಜಿಗೆ ತಾಕಿಸಿದರೆ ಕಿಲುಬು ಹಿಡಿಯುತ್ತದೆಂದು ಊರಿನ ಮಕ್ಕಳಿಗೂ ಗೊತ್ತು. ಹಂಡೆ ಹೋದದ್ದಕ್ಕೆ ಅವಳಿಗೆ ಅಳು ಬರಲಿಲ್ಲ. ಆ ಬೇವಿನ ನೆರಳು, ಆ ಕಳ್ಳನೋಟ, ಎಲ್ಲ ನೆನಪಾಗಿ ಬಾಟಲಿಯನ್ನು ಬೇವಿನ ಬುಡಕ್ಕೇ ಬಗ್ಗಿಸಿಬಿಟ್ಟಳು.

ಮಧ್ಯಾಹ್ನ ಅವನು ನಗುತ್ತಲೇ ಬಂದ. ಕೆಂಪಗೆ ಹೊಳೆಯುವ ರೆಕ್ಕೆ ನೋಡಿ ಗೇಟಿನ ಹತ್ತಿರವೇ ನಿಂತುಬಿಟ್ಟ. ಅವಳು ಕೇಳುವ ಮೊದಲೇ ಎಲ್ಲ ಹೇಳಿದ. ಆರ್ಡರಿಗೆ ದಪ್ಪ ತಗಡು ಸಾಲಲಿಲ್ಲವಂತೆ, ಹಂಡೆ ಕತ್ತರಿಸಿದನಂತೆ, ಜುಂಜಮ್ಮ ಅತ್ತದ್ದು ಕಂಡ ಮೇಲೆ ನಿಜ ಹೇಳಲು ಬಾಯೇ ಬರಲಿಲ್ಲವಂತೆ.

“ಇಷ್ಟು ದಿನ ಬಂದಿದ್ದು ರೆಕ್ಕೆಗಾ, ನನಗಾ?” ಎಂದಳು ಸ್ವಪ್ನ.

ಅವನು ನೆಲ ನೋಡಿದ. “ಮೊದ್ಲು ರೆಕ್ಕೆಗೇ. ಅದು ಕಾಣಬಾರ್ದು ಅಂತ. ಆಮೇಲೆ ರೆಕ್ಕೆ ಬರೀ ನೆಪ ಆಯ್ತು, ನಿನ್ನಾಣೆ.”

ಅವಳು ನಂಬಿದಳು. ನಂಬಿದ್ದಕ್ಕೇ ಇನ್ನಷ್ಟು ಉರಿಯಿತು. ಯಾವ ಮಧ್ಯಾಹ್ನದ ತನಕ ಸುಳ್ಳು, ಯಾವುದರಿಂದ ನಿಜ ಎಂದು ಇನ್ನು ಯಾರು ಬಿಡಿಸಿ ಹೇಳಬೇಕು?

“ಸೋಮವಾರ ನೀನೊಬ್ನೇ ಬಾ. ಹೂವು ತರ್ಬೇಡ. ಅವ್ವನ ಮುಂದೆ ಕೂತು, ಹಂಡೆ ಎಲ್ಲೈತೆ ಅಂತ ಹೇಳಿ ಹೋಗು.”

“ಆಮೇಲೆ?”

ಬಿಸಿಲಿಗೆ ಮೆತ್ತಗಾದ ಮೇಣವನ್ನು ಬಟ್ಟೆಗೆ ತೆಗೆದುಕೊಂಡು ಅವಳು ಅವ್ವನ ಅರ್ಧ ಹೆಸರಿನ ಮೇಲೆ ತೀಡತೊಡಗಿದಳು. ಒಂದು ಚುಕ್ಕೆಯನ್ನೂ ಬಿಡಲಿಲ್ಲ. ಅವನು ಕಾಯುತ್ತಲೇ ಇದ್ದ.

“ಮೇಣ ಹಚ್ಚೀನಿ, ಈರೇಶ. ಇನ್ನ ಇದ್ಕೆ ಕಿಲುಬು ಹಿಡಿಯಲ್ಲ. ನೀನು ಬರೋ ಕೆಲ್ಸ ಇಲ್ಲ.”

ಗೇಟು ಮುಚ್ಚಿದ ಸದ್ದು ಕೇಳಿಸಿತು. ಅವಳು ತಿರುಗಿ ನೋಡದೆ ಪೈಪು ಎತ್ತಿಕೊಂಡಳು. ಕಣ್ಣು ತುಂಬಿ ತೋಟವೇ ಕಲಸಿಹೋಗಿದ್ದರೂ, ನೀರು ಗುಲಾಬಿಯ ಬುಡಕ್ಕೇ ಬಿತ್ತು.