ಕೆಂಪಾಗದ ಹಳದಿ

ಬೆಳಗ್ಗೆ ಹತ್ತು ಗಂಟೆಗೆ ಠಾಣೆಗೆ ಬಂದ ಆಸ್ಪತ್ರೆಯ ಸಂಶೋಧಕಿ, ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಗಾಯಕ್ಕೆ ಕಟ್ಟೋ ನಮ್ಮ ಔಷಧದ ಪಟ್ಟಿಗಳನ್ನ ಯಾರೋ ಕದ್ದು, ನಕಲಿ ಇಟ್ಟಿದ್ದಾರೆ ಅಂತ ಅನುಮಾನ. ಒಬ್ಬ ಲಾರಿ ಡ್ರೈವರ್ ಕಾಲು ಹೋಗೋ ಹಾಗಿದೆ. ಸಂಜೆ ನಾಲ್ಕಕ್ಕೆ ಕತ್ತರಿಸ್ತಾರಂತೆ."

"ಎಂಥ ಪಟ್ಟಿ?" ಇನ್‌ಸ್ಪೆಕ್ಟರ್ ಕೇಳಿದರು.

"ಹೈಡ್ರೋಜೆಲ್. ನೀರು ಹಿಡಿದಿಡೋ ಮೆತ್ತನೆ ಹಾಳೆ. ಒಳಗೆ ಅರಿಶಿನದ ಸಾರ, ಜೇನು. ಕೀವಾದ ಗಾಯಕ್ಕೆ ಹಾಕಿ ಪ್ರಯೋಗ ಮಾಡ್ತಿದ್ದೀವಿ. ಉಳಿದವರಿಗೆಲ್ಲ ವಾಸಿಯಾಗ್ತಿದೆ, ಇವನಿಗೆ ಮಾತ್ರ ಕೀವು ಹೆಚ್ತಿದೆ. ಉಳಿದವರದು ಅವರವರಿಗೇ ಎಣಿಸಿಟ್ಟದ್ದು, ಹೊಸದು ಮಾಡೋಕೆ ವಾರ ಬೇಕು."

ಎಫ್‌ಐಆರ್ ದಾಖಲಾಯಿತು. ಬೇರೆ ಕಳವಾದರೆ ಮಾಲು ಎಂದಾದರೂ ಸಿಗಲಿ ಎನ್ನಬಹುದು. ಇದು ಸಂಜೆಯೊಳಗೆ ಸಿಗಬೇಕು. ಇನ್‌ಸ್ಪೆಕ್ಟರ್ ತಿಂಡಿಯನ್ನು ಅರ್ಧಕ್ಕೇ ಬಿಟ್ಟು ಜೀಪು ಹತ್ತಿದರು.

ಪ್ರಯೋಗದ ಕೋಣೆಯ ಫ್ರಿಜ್ಜಿನಲ್ಲಿ ಹಳದಿ ಹಾಳೆಗಳು ಒಂದೊಂದು ರೋಗಿಯ ಡಬ್ಬಿಯಲ್ಲಿ ಬೇರೆ ಬೇರೆಯಾಗಿದ್ದವು. ನೋಡಲು ಎಲ್ಲವೂ ಒಂದೇ.

"ಅರಿಶಿನ ಅಂದ್ರಲ್ಲ ಮೇಡಂ, ಸೋಪು ಹಚ್ಚಿ ನೋಡೋಣ."

ಬೇರೆ ಡಬ್ಬಿಯ ಚೂರು ಸೋಪಿನ ನೀರು ತಾಗಿದೊಡನೆ ಕೆಂಪಾಯಿತು. ಡ್ರೈವರ್‌ನ ಡಬ್ಬಿಯದು ಹಳದಿಯಾಗಿಯೇ ಉಳಿಯಿತು. ಬರೀ ಬಣ್ಣ. ಸಂಶೋಧಕಿ ಬಾಯಿಗೆ ಕೈ ಅಡ್ಡ ಹಿಡಿದರು.

ಫ್ರಿಜ್ಜಿನ ಕೀಲಿ ಇದ್ದದ್ದು ಇಬ್ಬರ ಬಳಿ: ಸಂಶೋಧಕಿ, ಮತ್ತು ಗಾಯಗಳಿಗೆ ಪಟ್ಟಿ ಕಟ್ಟುವ ಡ್ರೆಸ್ಸರ್. ವಾರ್ಡಿನವರಿಗೆಲ್ಲ ಆತ ಪಟ್ಟಿ ಅಣ್ಣ. ಇನ್‌ಸ್ಪೆಕ್ಟರ್ ಅವನನ್ನು ಕರೆಸಿದರು.

"ಪಟ್ಟಿ ಕಳುವಾಗಿದೆ. ಗೊತ್ತಾ?"

"ನಾನ್ಯಾಕೆ ಸರ್ ಮನೆಗೆ ತಗೊಂಡು ಹೋಗ್ಲಿ?"

"ಮನೆ ಅಂತ ಯಾರಂದ್ರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಲ್ಲಿ ಈತನೂ ಒಬ್ಬ. ಅವನನ್ನೇ ಜೀಪಿನಲ್ಲಿ ಕೂರಿಸಿಕೊಂಡು ಹೊರಟರು.

ಮನೆಯ ಮುಂದಿನ ತಂತಿಯ ಮೇಲೆ ಹಾಸಿಗೆಯ ಬಟ್ಟೆ ಒಣಗುತ್ತಿತ್ತು, ಅಲ್ಲಲ್ಲಿ ಕೆಂಪು ಕಲೆ. ಜೊತೆಗೆ ಬಂದಿದ್ದ ಮಹಿಳಾ ಕಾನ್‌ಸ್ಟೆಬಲ್ ಒಳಗಿದ್ದ ಅವನ ಅಕ್ಕನನ್ನು ಕೇಳಿದಳು, "ರಕ್ತನಾ ಅಕ್ಕಾ?"

"ಅಲ್ಲಮ್ಮ, ಕಾಲಿನ ಪಟ್ಟಿಯ ಹಳದಿ ಹತ್ತಿತ್ತು. ಸೋಪು ಹಾಕಿ ಉಜ್ಜಿದೆ, ಹೀಗಾಯ್ತು. ಆಸ್ಪತ್ರೆಯವರೇ ಕೊಟ್ಟ ಪಟ್ಟಿ. ಅಲ್ವೇನೋ?"

ಬಾಗಿಲಲ್ಲಿ ನಿಂತಿದ್ದ ತಮ್ಮ ಮುಖ ತಿರುಗಿಸಿದ. ಆಕೆಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಕುಂಟುತ್ತ ಹೋಗಿ ಫ್ರಿಜ್ಜಿನಲ್ಲಿದ್ದ ಪೊಟ್ಟಣಗಳನ್ನೆಲ್ಲ ತಂದು ಮೇಜಿನ ಮೇಲಿಟ್ಟಳು.

"ಯಾರ ಪಾಲಿಂದೋ ಇದು?"

ಅವನು ಹೇಳಿದ. ಆಕೆ ಕೂತುಬಿಟ್ಟಳು.

ಪಂಚನಾಮೆ ಮುಗಿದಾಗ ಮಧ್ಯಾಹ್ನ ಎರಡೂವರೆ.

"ಎಲ್ಲಾನೂ ಸೀಲ್ ಮಾಡ್ಲಾ ಸರ್?" ಕಾನ್‌ಸ್ಟೆಬಲ್ ಕೇಳಿದಳು.

"ಸಾಕ್ಷಿಗೆ ಒಂದು ಸಾಕು. ಉಳಿದದ್ದಕ್ಕೆ ರಸೀದಿ ಬರೆಸ್ಕೊಂಡು ಆಸ್ಪತ್ರೆ ಮೇಡಂ ಕೈಗೆ ಕೊಡು, ಓಡು. ಕೋರ್ಟು ಬೈದ್ರೆ ನನ್ನನ್ನ ಬೈಲಿ."

ಶಸ್ತ್ರಚಿಕಿತ್ಸೆಯನ್ನು ಎರಡು ದಿನ ಮುಂದೂಡಿದರು. ಕಾಲು ಉಳಿಯುತ್ತದೆಂದು ಯಾರೂ ಮಾತು ಕೊಡಲಿಲ್ಲ.

ಡ್ರೆಸ್ಸರ್‌ನ ಬಂಧನವಾಯಿತು. ಹೇಳಿಕೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ: ತಾಯಿ ಸತ್ತ ಮೇಲೆ ಸಾಕಿದವಳು ಅಕ್ಕ. ಸಕ್ಕರೆ ಕಾಯಿಲೆ ಮಿತಿಮೀರಿದೆಯೆಂದು ಅವಳನ್ನು ಪ್ರಯೋಗಕ್ಕೆ ಸೇರಿಸಿಕೊಳ್ಳಲಿಲ್ಲ. ಡ್ರೈವರ್ ಇನ್ನೂ ಹರೆಯದವನು, ಹೇಗಿದ್ದರೂ ವಾಸಿಯಾಗುತ್ತದೆ ಎಂದುಕೊಂಡೆ.

ಸಂಜೆ ಡ್ರೈವರ್‌ನ ಹೇಳಿಕೆ ಪಡೆಯಲು ಇನ್‌ಸ್ಪೆಕ್ಟರ್ ವಾರ್ಡಿಗೆ ಹೋದರು. ಹೊಸ ನರ್ಸ್ ಪಟ್ಟಿ ಕಟ್ಟುತ್ತಿದ್ದಳು. ಡ್ರೈವರ್ ಹಲ್ಲು ಕಚ್ಚಿಕೊಂಡು ಬಾಗಿಲ ಕಡೆಗೇ ನೋಡುತ್ತಿದ್ದ. ಅವನಿಗೆ ಇನ್ನೂ ಯಾರೂ ಏನೂ ಹೇಳಿರಲಿಲ್ಲ.

"ಪಟ್ಟಿ ಅಣ್ಣ ಇವತ್ತು ರಜೆನಾ ಸರ್? ಅವರು ಕಟ್ಟಿದ್ರೆ ನೋವೇ ಗೊತ್ತಾಗಲ್ಲ."