ಮುರಗೋಡ ರಸ್ತೆಯಲ್ಲಿ ಕೂಗಿದ ಕಾರು

ಇಂಜಿನ್ ಸತ್ತಿತು. ಸೈರನ್ ಎದ್ದಿತು!

ಮುರಗೋಡದಿಂದ ಬೈಲಹೊಂಗಲಕ್ಕೆ ಹೋಗುವ ರಸ್ತೆ. ಎರಡೂ ಕಡೆ ಕಬ್ಬು. ನಡುವೆ ನಾನು, ಹಿಂದಿನ ಸೀಟಿನಲ್ಲಿ ರೋಶನಬಿ, ಮತ್ತು ಊರೆಲ್ಲ ಕೇಳುವ ಹಾಗೆ ಬೊಬ್ಬೆ ಹೊಡೆಯುತ್ತಿದ್ದ ಕಾರು.

ಅಡಗುವ ಮಾತೆಲ್ಲಿ ಬಂತು?

"ಬಸವಲಿಂಗಣ್ಣಾ, ಏನಾತು?"

"ಕಳ್ಳರನ್ನ ಹಿಡಿಯೋ ಅಲಾರಂ ಅಕ್ಕಾ... ನನ್ನನ್ನ ಹಿಡದೈತಿ!"

ಕೇಳಿ, ಜನರ ತಂಟೆ ಬಿಡಿಸುವುದು ನನ್ನ ದಂಧೆ. ಇವತ್ತಿನ ಕೆಲಸ, ರೋಶನಬಿಯನ್ನು ಕೋರ್ಟಿಗೆ ಮುಟ್ಟಿಸುವುದು. ಆಕೆಯ ಗಂಡ ದಾವಲಸಾಬನ ಮೇಲೆ ಟಿಪ್ಪರ್ ಹತ್ತಿಸಿ ಕೊಂದವನು ಯಮನಪ್ಪ, ಈಗ ಜಾಮೀನಿನ ಮೇಲೆ ಹೊರಗಿದ್ದಾನೆ. ನೋಡಿದವರೆಲ್ಲ ಕೋರ್ಟಿನಲ್ಲಿ ಉಲ್ಟಾ ಹೊಡೆದರು. ಉಳಿದವಳು ಈಕೆ ಒಬ್ಬಳೇ. ಈಕೆಯೂ ಇವತ್ತು ಕಟಕಟೆ ಹತ್ತದಿದ್ದರೆ ಅವನು ಮೀಸೆ ತಿರುವುತ್ತಾ ಮನೆಗೆ ಹೋಗುತ್ತಾನೆ.

ಕನ್ನಡಿಯಲ್ಲಿ ದೂರದ ದೂಳು ಕಂಡಿತು. ಯಮನಪ್ಪನ ಜೀಪು!

ರಿಮೋಟ್ ಒತ್ತಿದೆ. ಸುಮ್ಮನಾಯಿತು. ಕೀ ತಿರುಗಿಸಿದೆ. ಮತ್ತೆ ಬೊಬ್ಬೆ!

ಕಾರು ನನ್ನದಲ್ಲ, ಗೆಳೆಯ ಸಿದ್ಧಾರೂಢನದು. ಸಿಟ್ಟು ನೆತ್ತಿಗೇರಿತು. ಫೋನ್ ಹಚ್ಚಿದೆ.

"ಯಮನಪ್ಪಗ ಮಾರಿಕೊಂಡಿಯೇನಲೇ? ಅಲಾರಂದಾಗ ಏನ್ ಮಾಡೀದಿ?"

"ಏ ಹುಚ್ಚ! ನಾ ಯಾಕ ಮುಟ್ಟಲಿ? ಮುಂಜಾನಿ ಚಲೋ ಇತ್ತಲ್ಲೋ!"

ಫೋನ್ ಕಿವಿಗೆ ಸಿಕ್ಕಿಸಿಕೊಂಡೇ ಇಳಿದೆ. ನಾಲ್ಕೂ ಬಾಗಿಲು ಜಗ್ಗಿ ನೋಡಿದೆ. ಭದ್ರ. ಬಾನೆಟ್ ಎತ್ತಿದೆ. ಬ್ಯಾಟರಿ ವೈರು ಬಿಗಿ. ಫ್ಯೂಸ್ ಸರಿ. ಮತ್ತೆ ಇದರ ತಲೆಯೊಳಗೆ ಕಳ್ಳ ಎಲ್ಲಿಂದ ಹೊಕ್ಕ?

"ಅಣ್ಣಾ, ಇಲ್ಲಿ ಇರಿವಿ ನೋಡ್ರಿ."

ರೋಶನಬಿ ಇಳಿದು ಪಕ್ಕಕ್ಕೆ ಬಂದಿದ್ದಳು. ಬಾನೆಟ್ಟಿನ ಅಂಚಿನಲ್ಲಿ ಇರುವೆ ಸಾಲು. ಅವು ಮುತ್ತಿದ್ದು ಒಂದು ಸಣ್ಣ ಸ್ವಿಚ್ಚಿಗೆ. ಬಾನೆಟ್ ತೆರೆದರೆ ಅಲಾರಂಗೆ ಸುದ್ದಿ ಕೊಡುವ ಸ್ವಿಚ್ಚು ಅದು. ಮುಟ್ಟಿದೆ. ಅಂಟಂಟು... ಇನ್ನೂ ಹಸಿ!

"ಸಿದ್ಯಾ, ಇವತ್ತ ಅಮಾಸಿ ಅಲ್ಲೇನು?"

"ಹೌದು. ಅವ್ವ ಗಾಡಿ ಪೂಜಿ ಮಾಡ್ಯಾಳ."

"ಕಾಯಿ ಒಡದ ನೀರು ಎಲ್ಲಿ ಹಾಕಿದ್ಲು?"

"ಬಾನೆಟ್ ಸಂದ್ಯಾಗ... ಪ್ರತಿ ಅಮಾಸಿ ಹಾಕ್ತಾಳ. ಇಂಜಿನ್ ಹೊಟ್ಟಿ ತಣ್ಣಗಿರಲಿ ಅಂತ."

ಸಿದ್ಯಾನ ಅವ್ವ ಗುರವ್ವಾಯಿ, ನಿನ್ನ ಭಕ್ತಿಗೆ ಶರಣು! ಪ್ರತಿ ಅಮಾವಾಸ್ಯೆಯ ನೀರು ಕುಡಿದ ಸ್ವಿಚ್ಚು ತುಕ್ಕು ಹಿಡಿದು, ಇವತ್ತಿನ ಹಸಿಗೆ ಶಾರ್ಟ್ ಆಗಿತ್ತು. ಓಡುವ ಕಾರಿನ ಬಾನೆಟ್ ತೆರೆಯಿತು, ಯಾರೋ ಗಾಡಿ ಕಸಿದುಕೊಂಡರು ಅಂತ ತಿಳಿದ ಅಲಾರಂ ಇಂಜಿನ್ ಕಟ್ ಮಾಡಿತ್ತು. ಗೆಳೆಯನನ್ನು ಬೈದದ್ದಕ್ಕೆ ನಾಚಿಕೆಯಾಯಿತು. ನಾಚಿಕೊಳ್ಳಲು ಪುರಸೊತ್ತಿರಲಿಲ್ಲ.

ಹಿಂದೆ ಬ್ರೇಕ್ ಕಿರುಚಿತು!

ಸ್ವಿಚ್ಚಿನ ವೈರು ಕಿತ್ತೆಸೆದೆ. ಬಾನೆಟ್ ಬಡಿದೆ. ರಿಮೋಟ್ ಒತ್ತಿದೆ. ಸದ್ದಡಗಿತು.

"ಹತ್ರಿ ಅಕ್ಕಾ!"

ಹಿಂದಿನ ಗಾಜು ಪುಡಿಪುಡಿ! ಕಬ್ಬಿಣದ ರಾಡ್ ಬೀಸಿದವನು ಯಮನಪ್ಪನೇ. ಕೀ ತಿರುಗಿಸಿದೆ. ಈ ಸಲ ಇಂಜಿನ್ ಗುಡುಗಿತು. ರಾಡ್ ಸೀಟಿಗೆ ಬಿತ್ತು, ಅವನು ರಸ್ತೆಗೆ.

ಬೈಲಹೊಂಗಲದ ಮಾರ್ಕೆಟ್ ಮುಂದೆ ಹತ್ತಿ ಹೇರಿದ ಎರಡು ಲಾರಿ. ಅವುಗಳ ನಡುವೆಯೇ ತೂರಿಸಿದೆ. ಪಕ್ಕದ ಕನ್ನಡಿ ಹಾರಿಹೋಯಿತು. ಬೆನ್ನಟ್ಟಿ ಬಂದ ಜೀಪು ಅಲ್ಲೇ ಸಿಕ್ಕಿಬಿತ್ತು.

ಆರೋಪಿ ಯಮನಪ್ಪ ಕೋರ್ಟಿಗೆ ಓಡಿ ಬರುವಷ್ಟರಲ್ಲಿ ರೋಶನಬಿ ಕಟಕಟೆಯಲ್ಲಿದ್ದಳು. ಕೂದಲಲ್ಲಿ ಗಾಜಿನ ಚೂರು. ದನಿ ಗಟ್ಟಿಯಿತ್ತು. ಕಂಡದ್ದನ್ನು ಕಂಡ ಹಾಗೇ ಹೇಳಿದಳು. ದಾರಿಯಲ್ಲಿ ಆದದ್ದನ್ನೂ ಹೇಳಿದಳು. ನಾನು ರಾಡ್ ತಂದು ಒಪ್ಪಿಸಿದೆ. ಅವನ ಜಾಮೀನು ಅಲ್ಲೇ ರದ್ದಾಯಿತು.

ಪೊಲೀಸರ ನಡುವೆ ಹೊರಟ ಯಮನಪ್ಪ ಆಕೆಯ ಮುಂದೆ ನಿಂತು ಹಲ್ಲು ಕಡಿದ.

"ನಿನ್ನ ಮನಿ ನನಗ ಗೊತ್ತೈತಿ. ಬರತೇನಿ, ನೆನಪಿರಲಿ!"

ರೋಶನಬಿ ಕಣ್ಣು ಕೆಳಗೆ ಮಾಡಲಿಲ್ಲ.

"ಬಾರಪಾ... ಮೊದಲ ಜೇಲಿನವರ ಕಡೆ ರಜಾ ತಗೊಂಡು ಬಾ!"