ಬಾಗಿಲಿಗೆ ಎರಡು ಏಟು

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ದೂರು ಬಂತು. ತಂದವನು ಗಾಯಾಳುವಿನ ಭಾವಮೈದುನ. ಸಿದ್ಧ ಉಡುಪಿನ ಕಾರ್ಖಾನೆಗೆ ಕೆಲಸಗಾರರನ್ನು ಕರೆದೊಯ್ಯುವ ಬಸ್ಸಿನಲ್ಲಿ ಒಬ್ಬ ಹುಡುಗಿ ತನ್ನ ಭಾವನನ್ನು ತಳ್ಳಿ ಬೀಳಿಸಿದ್ದಾಳೆ, ಭುಜದ ಮೂಳೆ ಮುರಿದಿದೆ, ತಲೆಗೆ ಹೊಲಿಗೆ ಬಿದ್ದಿದೆ ಎಂಬುದು ದೂರಿನ ಸಾರಾಂಶ. ಭಾವ ಅದೇ ಕಾರ್ಖಾನೆಯ ಸೂಪರ್‌ವೈಸರ್. ದನಿ ದೊಡ್ಡದಾದ್ದರಿಂದ ಎಲ್ಲರ ಬಾಯಲ್ಲೂ ಅವನು ಮೈಕ್. ಹುಡುಗಿ ಕಾಜಾ ಹಾಕುವ ಮಷೀನಿನವಳು.

"ತಳ್ಳಿದ್ದನ್ನ ನೀವು ನೋಡಿದ್ರಾ?" ಇನ್ಸ್‌ಪೆಕ್ಟರ್ ಕೇಳಿದರು.

"ನಾನು ಆ ಬಸ್ಸಲ್ಲಿ ಇರ್ಲಿಲ್ಲ ಮೇಡಂ. ಭಾವ ಹೇಳಿದ್ರು."

"ಯಾಕೆ ತಳ್ಳಿದ್ಲಂತೆ?"

"ಏನೋ ತಮಾಷೆ ಮಾಡಿದ್ರಂತೆ. ಅಷ್ಟಕ್ಕೇ."

ಎಫ್‌ಐಆರ್ ದಾಖಲಾಯಿತು. ಅದರಲ್ಲಿ 'ಅಷ್ಟಕ್ಕೇ' ಎಂಬ ಮಾತು ಸೇರಲಿಲ್ಲ, ಇನ್ಸ್‌ಪೆಕ್ಟರ್ ಮಾತ್ರ ಅದನ್ನು ಮರೆಯಲಿಲ್ಲ.

ಹನ್ನೊಂದು ಗಂಟೆಗೆ ಅವರು ಹೆಡ್ ಕಾನ್‌ಸ್ಟೇಬಲ್ ಜೊತೆ ಕಾರ್ಖಾನೆಗೆ ಹೋದರು. ಈ ಹೆಡ್ ಕಾನ್‌ಸ್ಟೇಬಲ್ಲನ್ನು ಠಾಣೆಯವರೆಲ್ಲ ಮಾವ ಎಂದೇ ಕರೆಯುತ್ತಿದ್ದರು. ಮ್ಯಾನೇಜರ್ ಆಗಲೇ ಕೈ ತೊಳೆದುಕೊಂಡಿದ್ದ. ಎಫ್‌ಐಆರ್‌ನಲ್ಲಿ ಹೆಸರಿರುವವರನ್ನು ಒಳಗೆ ಬಿಡುವ ಹಾಗಿಲ್ಲ, ಬಂಧನವಾದರೆ ಕೆಲಸವೂ ಇಲ್ಲ ಎಂದ. ಹುಡುಗಿ ಗೇಟಿನ ಪಕ್ಕದ ಕೋಣೆಯಲ್ಲಿ ಕೂತಿದ್ದಳು. ಮನೆಯಲ್ಲಿ ಇದ್ದವರು ಅವಳು ಮತ್ತು ಅವಳ ತಾಯಿ. ದುಡಿಯುವವಳು ಇವಳೊಬ್ಬಳೇ.

"ನೀನು ತಳ್ಳಿದ್ಯಾ?"

"ಇ... ಇಲ್ಲ."

"ಮತ್ತೆ ಹೇಗೆ ಬಿದ್ದ?"

ಅವಳ ತುಟಿ ಅಲುಗಿತು, ಮಾತು ಹೊರಗೆ ಬರಲಿಲ್ಲ. ಅವಳಿಗೆ ಉಗ್ಗು ಇತ್ತು. ಮಾವ ಕನಿಕರದಿಂದ "ಕಾಲು ಜಾರಿ ಬಿದ್ದನಾ?" ಎಂದು ಅವಳ ಪರವಾಗಿ ತಾವೇ ಉತ್ತರಿಸಲು ಹೋದರು. ಇನ್ಸ್‌ಪೆಕ್ಟರ್ ಕೈ ಎತ್ತಿ ತಡೆದರು. ಹೊರಗೆ ಲಾರಿಯೊಂದು ಹಿಂದೆ ಸರಿದು, ತಿರುಗಿ ಹೋಗುವಷ್ಟು ಹೊತ್ತು ಇಬ್ಬರೂ ಅವಳ ಮಾತಿಗಾಗಿ ಕಾದರು.

"ಮ... ಮಡಿಲಲ್ಲಿ ಬ್ಯಾಗುಗಳಿದ್ವು ಮೇಡಂ. ಎರಡೂ ಕೈಯಲ್ಲಿ ಹಿಡ್ಕೊಂಡಿದ್ದೆ."

ಆ ಬಸ್ಸಿನಲ್ಲಿ ಒಂದು ರೂಢಿ ಇತ್ತು. ಸೀಟು ಸಿಕ್ಕವರು ನಿಂತವರ ಬ್ಯಾಗುಗಳನ್ನು ಮಡಿಲಿಗೆ ತೆಗೆದುಕೊಳ್ಳಬೇಕು, ಇಳಿಯುವಾಗ ವಾಪಸು ಕೊಡಬೇಕು. ಯಾರೂ ಕೇಳುವುದಿಲ್ಲ, ಯಾರೂ ಬೇಡ ಎನ್ನುವುದಿಲ್ಲ. ಅವಳ ಮಡಿಲಲ್ಲಿದ್ದ ಬ್ಯಾಗುಗಳಲ್ಲಿ ಒಂದು ಮೈಕ್‌ನದೇ ಎಂದು ತಿಳಿದಾಗ ಮಾವ ಬಾಯಿಗೆ ಬಂದದ್ದನ್ನು ಅಲ್ಲೇ ನುಂಗಿಕೊಂಡರು. ಇವನ ಬುತ್ತಿ ಅವಳ ಮಡಿಲಲ್ಲಿ, ಇವನ ತಮಾಷೆ ಅವಳ ತಲೆಯ ಮೇಲೆ.

ತಮಾಷೆ ಏನು ಎಂಬುದು ಮಧ್ಯಾಹ್ನದ ಹೇಳಿಕೆಗಳಲ್ಲಿ ಚೂರುಚೂರಾಗಿ ಹೊರಬಂತು. ದಿನಾ ಬೆಳಿಗ್ಗೆ ಮೈಕ್ ಅವಳ ಸೀಟಿನ ಪಕ್ಕ ನಿಂತು ಹೆಸರು ಕೇಳುತ್ತಿದ್ದ. ಅವಳು ಹೆಸರು ಹೇಳಿ ಮುಗಿಸುವವರೆಗೆ ಕೈಗಡಿಯಾರ ನೋಡುತ್ತಾ ಚಪ್ಪಾಳೆ ತಟ್ಟಿ ಲೆಕ್ಕ ಹಾಕುತ್ತಿದ್ದ. ಬಸ್ಸು ನಗುತ್ತಿತ್ತು.

"ಇವತ್ತು ಅವನು ಬಿದ್ದಾಗ ನೀವು ಎಲ್ಲಿ ನೋಡ್ತಿದ್ರಿ?"

"ಫೋನ್ ನೋಡ್ತಿದ್ದೆ ಮೇಡಂ."

"ನೀವು?"

"ಕಿಟಕಿ ಆಚೆ."

"ನೀವು?"

"ಒಂಚೂರು ಕಣ್ಣು ಹತ್ತಿತ್ತು."

ಹೊರಗೆ ಬಂದ ಮಾವ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಅರ್ಧ ಬಸ್ಸು ನಿದ್ದೆ, ಇನ್ನರ್ಧ ಕಿಟಕಿ ಆಚೆ. ಹಾಗಾದ್ರೆ ದಿನಾ ನಗ್ತಾ ಇದ್ದೋರು ಯಾರು ಮೇಡಂ? ಸೀಟುಗಳಾ?"

"ನಕ್ಕಿದ್ದಕ್ಕೆ ಕೇಸಿಲ್ಲ ಮಾವ. ಸುಮ್ಮನಿದ್ದಿದ್ದಕ್ಕೂ ಇಲ್ಲ."

ಆದರೆ ಅವರಿಗೆ ಸಿಟ್ಟು ಬಂದಿತ್ತು. ಅವಳು ತಳ್ಳಲಿಲ್ಲ ಎಂದು ಹೇಳುವ ಒಂದು ಬಾಯಿ ಆ ಬಸ್ಸಿನಲ್ಲಿ ಸಿಕ್ಕಿದ್ದರೆ ಅವಳ ಮೇಲಿನ ಆರೋಪ ಅಲ್ಲಿಗೇ ಬಿದ್ದುಹೋಗುತ್ತಿತ್ತು. ಸೂಪರ್‌ವೈಸರ್ ವಿರುದ್ಧ ಬಾಯಿ ಬಿಟ್ಟರೆ ನಾಳೆ ತನ್ನ ಮಷೀನಿನ ಮುಂದೆ ಬಂದು ನಿಲ್ಲುತ್ತಾನೆ ಎಂಬ ಭಯ ಎಲ್ಲರಿಗೂ ಇತ್ತು. ಆಸ್ಪತ್ರೆಯಲ್ಲಿ ಮೈಕ್ ತನ್ನ ಮಾತನ್ನೇ ಹಿಡಿದಿದ್ದ. ಅವಳೇ ತಳ್ಳಿದಳು, ಇನ್ಯಾರು ತಳ್ಳುತ್ತಾರೆ?

ಮುಂದಿನ ಸೀಟಿನ ಹೆಂಗಸು ಇಸ್ತ್ರಿ ವಿಭಾಗದವರು. ಅವರೂ ಏನೂ ನೋಡಿರಲಿಲ್ಲ, ಮೈಕ್ ಬಿದ್ದ ಹೊತ್ತಿಗೆ ಬಸ್ಸು ಗಕ್ಕನೆ ಬ್ರೇಕ್ ಹಾಕಿತ್ತು ಎಂದಷ್ಟೇ ಹೇಳಿದರು.

"ಬ್ರೇಕ್ ಹಾಕಿದಾಗ ನೀವು ಬೀಳ್ಲಿಲ್ವಾ?"

"ಇಲ್ಲ. ಕಂಬಿ ಹಿಡ್ಕೊಂಡಿದ್ದೆ."

"ಮೊದಲೇ ಯಾಕೆ ಹಿಡ್ಕೊಂಡ್ರಿ?"

"ಡ್ರೈವರಣ್ಣ ಬಾಗಿಲಿಗೆ ಹೊಡೆದ್ರಲ್ಲ. ಹಂಪ್ ಬಂದಾಗ ಹಾಗೇ ಹೊಡೀತಾರೆ, ಎರಡು ಏಟು. ನಾವು ಹಿಡ್ಕೊಳ್ತೀವಿ."

ಇನ್ಸ್‌ಪೆಕ್ಟರ್ ಹೇಳಿಕೆ ಕೊಟ್ಟವರನ್ನೆಲ್ಲ ಮತ್ತೆ ಕರೆಸಿ ಅದೊಂದನ್ನೇ ಕೇಳಿದರು. ಏಟು ಕೇಳಿಸಿತಾ? ಕೇಳಿಸಿತು. ಹಿಡ್ಕೊಂಡ್ರಾ? ಹಿಡ್ಕೊಂಡ್ವಿ. ಈ ಪ್ರಶ್ನೆಗೆ ಯಾರಿಗೂ ಭಯವಿರಲಿಲ್ಲ, ಎಲ್ಲರೂ ಧಾರಾಳವಾಗಿ ಉತ್ತರಿಸಿದರು. ನಿಂತವರಲ್ಲಿ ಕೈ ಖಾಲಿ ಇಲ್ಲದಿದ್ದವನು ಒಬ್ಬನೇ. ಕೈಗಡಿಯಾರ ನೋಡುತ್ತಾ ಚಪ್ಪಾಳೆ ತಟ್ಟುತ್ತಿದ್ದವನು.

ಸಂಜೆ ಬೆಳಕಿರುವಾಗಲೇ ಪಂಚರ ಎದುರು ಸ್ಥಳ ಪಂಚನಾಮೆ ನಡೆಯಿತು. ಗೋದಾಮುಗಳ ನಡುವಿನ ನೇರ ರಸ್ತೆ. ಟೈರು ಉಜ್ಜಿದ ಕಪ್ಪು ಗುರುತು ಇತ್ತು. ಹಂಪ್ ಇರಲಿಲ್ಲ, ತಿರುವು ಇರಲಿಲ್ಲ, ಗುಂಡಿಯೂ ಇರಲಿಲ್ಲ. ಮಾವ ಟೇಪು ಹಿಡಿದು ಆ ಕಡೆ ಈ ಕಡೆ ನಡೆದು, ಇಷ್ಟು ಒಳ್ಳೆ ರಸ್ತೆಯಲ್ಲಿ ತಮ್ಮ ಬೈಕು ಒಮ್ಮೆಯೂ ಓಡಿಲ್ಲ ಎಂದರು.

ಚಾಲಕನನ್ನು ಠಾಣೆಗೆ ಕರೆಸಿದಾಗ ಏಳು ಗಂಟೆ. ವಯಸ್ಸು ಐವತ್ತರ ಆಚೆ, ಮಿತಭಾಷಿ, ಇಸ್ತ್ರಿ ಮಾಡಿದ ಅಂಗಿ.

"ಯಾಕೆ ಬ್ರೇಕ್ ಹಾಕಿದ್ರಿ?"

"ನಾಯಿ ಅಡ್ಡ ಬಂತು ಮೇಡಂ."

"ಯಾವ ಕಡೆಯಿಂದ?"

"ಎಡಗಡೆ. ದಿಢೀರ್ ಅಂತ."

"ದಿಢೀರ್ ಅಂತ ಬಂದ ನಾಯಿ, ನೀವು ಕೈ ಹೊರಗೆ ಹಾಕಿ ಬಾಗಿಲಿಗೆ ಎರಡು ಏಟು ಹೊಡೆಯೋವರೆಗೂ ಕಾಯ್ತಾ ನಿಂತಿತ್ತಾ?"

ಆತ ತನ್ನ ಬಲಗೈಯನ್ನೇ ನೋಡಿಕೊಂಡ.

"ಬೇರೆಯವರು ಬೀಳಬಾರದು ಅಂತ ಹೊಡೆದ್ರಿ ಅಲ್ವಾ?"

"ಅಭ್ಯಾಸ ಮೇಡಂ. ಅವರೇನು ಮಾಡಿದ್ರು ಪಾಪ."

"ಆ ಹುಡುಗೀನ ನಾಳೆ ಒಳಗೆ ಹಾಕ್ಬೇಕಾಗುತ್ತೆ. ಗೊತ್ತಾ?"

ಆತ ತಟ್ಟನೆ ತಲೆ ಎತ್ತಿದ. ಅವಳ ಮೇಲೆ ಕೇಸಾಗಿದೆ ಎಂಬುದೇ ಆತನಿಗೆ ಗೊತ್ತಿರಲಿಲ್ಲ. ಗಾಡಿಯನ್ನು ಶೆಡ್ಡಿಗೆ ಬಿಟ್ಟವನು ಮನೆಗೆ ಹೋಗಿ ಮಲಗಿಬಿಟ್ಟಿದ್ದ. "ಅವಳದ್ದೇನೂ ಇಲ್ಲ, ಆ ಚಪ್ಪಾಳೆ ನಿಲ್ಲಿಸೋಕೆ ನಾನೇ ಬ್ರೇಕ್ ಹಾಕಿದ್ದು" ಎಂದ. ತಪ್ಪೊಪ್ಪಿಗೆಗೆ ಅಷ್ಟೇ ಹೊತ್ತು ಹಿಡಿಯಿತು. ಬಂಧನದ ಕಾಗದಪತ್ರಗಳಿಗೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕಾಯಿತು.

"ಬ್ರೇಕ್ ಬದಲು ಬಾಯಿ ಇತ್ತಲ್ಲ ನಿಮಗೆ," ಇನ್ಸ್‌ಪೆಕ್ಟರ್ ಕೇಳಿದರು. "ಗಾಡಿ ನಿಲ್ಸಿ, ಸಾಕು ಸುಮ್ನಿರಪ್ಪಾ ಅಂದಿದ್ರೆ?"

"ಎಷ್ಟೋ ಸಲ ಅನ್ಕೊಂಡೆ. ಹಾಗಂದ್ರೆ ಇಡೀ ಬಸ್ಸು ನನ್ನ ಮುಖ ನೋಡುತ್ತೆ ಮೇಡಂ. ಬ್ರೇಕ್ ಹಾಕಿದ್ರೆ ಯಾರೂ ನೋಡಲ್ಲ."

ಬರೆದುಕೊಳ್ಳುತ್ತಿದ್ದ ಮಾವ ಪೆನ್ನು ನಿಲ್ಲಿಸಿದರು.

ಮರುದಿನ ಬೆಳಿಗ್ಗೆ ಹುಡುಗಿಯನ್ನು ಕರೆಸಿ, ಅವಳ ಮೇಲೆ ಆರೋಪ ಉಳಿದಿಲ್ಲ ಎಂದು ತಿಳಿಸಿದರು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನ್ಯಾಯಾಲಯಕ್ಕೆ ಹೊರಟಿದ್ದ ಚಾಲಕ ಅಲ್ಲೇ ಬೆಂಚಿನ ಮೇಲಿದ್ದ. ಅವಳು ಕೈ ಮುಗಿಯುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅವಳು ಆತನ ಎದುರು ಹೋಗಿ ನಿಂತಳು.

"ಅಣ್ಣ, ನಿ... ನಿನ್ನೆ ನಾನು 'ಸಾಕು' ಅಂತ ಹೇಳೋಕೆ ಶುರು ಮಾಡಿದ್ದೆ. ಮೊದಲನೇ ಸಲ. ಅ... ಅರ್ಧ ಬಂದಿತ್ತು. ನೀವು ಬ್ರೇಕ್ ಹಾಕ್ಬಿಟ್ರಿ."

ಅವಳು ತಿರುಗಿ ಮೇಜಿನ ಬಳಿ ಬಂದಳು. ಮೈಕ್ ಮೇಲೆ ದೂರು ಕೊಡಬೇಕು ಎಂದಳು. ತಾಯಿ ಬೇಡ ಕಣೆ ಎಂದು ಮೊಣಕೈ ಹಿಡಿದರೂ ಕೇಳಲಿಲ್ಲ. ಮಾವ ಹಾಳೆ ಎಳೆದುಕೊಂಡು, ನಿಧಾನವಾಗಿ ಹೇಳು ಮಗಾ, ನನಗೇನೂ ಅವಸರ ಇಲ್ಲ ಎಂದರು. ಅವಳು ಹೇಳಿದಳು. ಬಹಳ ಹೊತ್ತು ಹಿಡಿಯಿತು. ಯಾರೂ ಅವಳ ಮಾತು ಪೂರ್ತಿ ಮಾಡಿಕೊಡಲು ಹೋಗಲಿಲ್ಲ.

"ಸಾಕ್ಷಿ ಯಾರಿದ್ದಾರಮ್ಮ?" ಕೊನೆಗೆ ಇನ್ಸ್‌ಪೆಕ್ಟರ್ ಕೇಳಿದರು.

ಅವಳು ತಲೆಯಾಡಿಸಿದಳು. ಯಾರೂ ಇಲ್ಲ.

"ನನ್ನ ಹೆಸರು ಬರ್ಕೊಳ್ಳಿ ಮೇಡಂ." ಚಾಲಕ ಬೆಂಚಿನಿಂದ ಎದ್ದಿದ್ದ. "ಕನ್ನಡೀಲಿ ನೋಡ್ತಿದ್ದೆ. ದಿನಾ ನೋಡ್ತಿದ್ದೆ."

ಠಾಣೆಯಲ್ಲಿದ್ದವರೆಲ್ಲ ಆತನ ಮುಖ ನೋಡಿದರು. ಆತ ಹಾಗೇ ನಿಂತಿದ್ದ.